ಮತ್ತೆ ಮತ್ತೆ ಬಂದ ಹಳದಿ ಲೈಟು

ಐದನೇ ಸಲ ನನ್ನ ಕಾರು ಗ್ಯಾರೇಜಿನ ಗೇಟು ದಾಟಿದಾಗ ಡಾಕ್ಟರ್ ಒಂದು ವ್ಯಾನಿನ ಕೆಳಗೆ ಮಲಗಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಬೂಟು ಮಾತ್ರ. ನನ್ನ ಎಂಜಿನ್ ಸದ್ದು ಕೇಳಿದ್ದೇ ತಡ, ಆ ಬೂಟುಗಳು ಅಲ್ಲಾಡುವುದನ್ನು ನಿಲ್ಲಿಸಿದವು.

"ಮತ್ತೆ ಬಂತಾ ಮೇಡಂ?" ಎಂದರು ಕೆಳಗಿನಿಂದಲೇ.

"ಮತ್ತೆ ಬಂತು," ಎಂದೆ. ಇದನ್ನು ಕೋಪದಲ್ಲಿ ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಬಾಯಿಂದ ಹೊರಬಿದ್ದಾಗ ಅದರಲ್ಲಿ ಕೋಪದ ಸುಳಿವೇ ಇರಲಿಲ್ಲ.

ಡಾಕ್ಟರ್ ಅಂದರೆ ಆಸ್ಪತ್ರೆಯ ಡಾಕ್ಟರ್ ಅಲ್ಲ, ಮೆಕ್ಯಾನಿಕ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಾರೆ. ಅದಕ್ಕೇ ಗ್ಯಾರೇಜಿನ ಯಜಮಾನರು ಈ ಹೆಸರಿಟ್ಟಿದ್ದು. ಹಾಗೆ ಕೇಳುವಾಗ ಅವರ ಹುಬ್ಬುಗಳ ನಡುವೆ ಒಂದು ಸಣ್ಣ ಗೆರೆ ಬೀಳುತ್ತದೆ. ಎಂಜಿನ್ ಸರಿಯಾಗಿದ್ದರೆ ಗೆರೆ ಮಾಯವಾಗುತ್ತದೆ. ಇದೆಲ್ಲ ನನ್ನ ಕಣ್ಣಿಗೆ ಬಿದ್ದದ್ದು ಮೂರನೇ ಸಲದ ಹೊತ್ತಿಗೆ. ಮೊದಲೆರಡು ಸಲ ನಾನು ನೋಡಿದ್ದು ಎಂಜಿನ್ ಕೆಟ್ಟಿದೆ ಎಂದು ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುವ ಹಳದಿ ಲೈಟನ್ನು ಮಾತ್ರ.

ನನ್ನದೊಂದು ಡ್ರೈವಿಂಗ್ ಸ್ಕೂಲ್. ಒಂದೇ ಕಾರು, ಕಲಿಸುವವಳೂ ಒಬ್ಬಳೇ. ಎಂಟು ವರ್ಷದಿಂದ ನನ್ನ ಹಗಲೆಲ್ಲ ಕಳೆದಿರುವುದು ಡ್ರೈವರಿನ ಪಕ್ಕದ ಸೀಟಿನಲ್ಲಿ. ಅಲ್ಲಿ ನನ್ನ ಕಾಲ ಬಳಿಯೂ ಒಂದು ಬ್ರೇಕ್ ಇದೆ. ಡ್ಯಾಶ್‌ಬೋರ್ಡಿನ ಒಳಗೆ ಹಾದುಹೋಗುವ ಕೇಬಲ್ ಅದನ್ನು ಡ್ರೈವರಿನ ಬ್ರೇಕಿಗೆ ಜೋಡಿಸುತ್ತದೆ. ಮುಂದಿನ ಗಾಜಿಗೆ ಒಂದು ಪುಟ್ಟ ಕನ್ನಡಿ ಅಂಟಿಸಿದ್ದೇನೆ. ಅದರಲ್ಲಿ ನನಗೆ ಕಾಣುವುದು ರಸ್ತೆಯಲ್ಲ, ಕಲಿಯುವವರ ಕಣ್ಣು. ಅವರು ಎತ್ತ ನೋಡುತ್ತಿದ್ದಾರೆಂದು ನನಗೆ ಗೊತ್ತಾಗಬೇಕಲ್ಲ.

ನನ್ನ ಕೆಲಸದ ಒಂದು ಗುಟ್ಟೂ ಇದೆ. ಅಪಾಯ ಕಂಡರೆ ನಾನು ನನ್ನ ಬ್ರೇಕನ್ನು ಎಷ್ಟು ಮೆಲ್ಲಗೆ ಒತ್ತುತ್ತೇನೆ ಎಂದರೆ, ಗಾಡಿ ನಿಲ್ಲಿಸಿದ್ದು ತಾವೇ ಎಂದು ಕಲಿಯುವವರು ತಿಳಿದುಕೊಳ್ಳುತ್ತಾರೆ. "ನೋಡಿ, ಎಷ್ಟು ಚೆನ್ನಾಗಿ ನಿಲ್ಲಿಸಿದ್ರಿ," ಎಂದು ಮೇಲೆ ಹೊಗಳುತ್ತೇನೆ. ಹೆದರಿದವರಿಗೆ ಇದರಿಂದ ಧೈರ್ಯ ಬರುತ್ತದೆ. ಬ್ರೇಕ್ ಒತ್ತಿದಿರಾ ಎಂದು ಯಾರಾದರೂ ಅನುಮಾನದಿಂದ ಕೇಳಿದರೆ ಇಲ್ಲ ಎನ್ನುತ್ತೇನೆ. ಎಂಟು ವರ್ಷದಲ್ಲಿ ಆ 'ಇಲ್ಲ' ನನ್ನ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು.

ಅವತ್ತು ಹಿಂದಿನ ಸೀಟಿನಲ್ಲಿ ಲೆಕ್ಕದ ಟೀಚರ್ ಕೂತಿದ್ದರು. ರಿಟೈರ್ ಆದಮೇಲೆ ಡ್ರೈವಿಂಗ್ ಕಲಿಯುತ್ತಿದ್ದವರು. ಗೇರ್ ಬದಲಿಸುವಾಗಲೆಲ್ಲ ಬಾಯಿಬಿಟ್ಟು ಒಂದು, ಎರಡು ಎಂದು ಎಣಿಸುತ್ತಾರೆ. ಲೈಟು ಬಂದದ್ದು ಅವರು ಓಡಿಸುತ್ತಿದ್ದಾಗಲೇ ಆದ್ದರಿಂದ ಜೊತೆಗೇ ಕರೆದುಕೊಂಡು ಬಂದಿದ್ದೆ.

ಡಾಕ್ಟರ್ ವ್ಯಾನಿನ ಕೆಳಗಿನಿಂದ ಎದ್ದು ಬಂದು, ಒಂದೊಂದೇ ಬೆರಳನ್ನು ಬಟ್ಟೆಯಲ್ಲಿ ಒರೆಸಿಕೊಂಡರು. ನಾನು ಪಕ್ಕದ ಸೀಟಿಗೆ ಸರಿದೆ, ಅವರು ಡ್ರೈವರ್ ಸೀಟಿನ ಮೇಲೆ ತೊಳೆದ ಟವೆಲ್ ಹಾಸಿ ಕೂತರು. ಬೇರೆ ಯಾವ ಗಾಡಿಗೂ ಅವರು ಟವೆಲ್ ಹಾಸಿದ್ದನ್ನು ನಾನು ನೋಡಿಲ್ಲ. ಗಾಡಿಯ ದೋಷ ಓದುವ ಸ್ಕ್ಯಾನರ್ ಸಿಕ್ಕಿಸಿ, ಅದರ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಅದೇ ಕೋಡ್. ಎಕ್ಸಲರೇಟರ್ ಸೆನ್ಸರ್. ಹೊಸದು ಹಾಕಿದ್ದಾಗಿದೆ, ಆದ್ರೂ ಅದನ್ನೇ ತೋರಿಸ್ತಿದೆ." ಹುಬ್ಬುಗಳ ನಡುವೆ ಗೆರೆ ಬಿತ್ತು. "ಲೈಟ್ ಬರೋಕೆ ಮುಂಚೆ ನೀವು ನಿಮ್ಮ ಬ್ರೇಕ್ ಏನಾದ್ರೂ ಒತ್ತಿದ್ರಾ?"

"ಇಲ್ಲ," ಎಂದೆ. "ಅವರೇ ನಿಲ್ಲಿಸಿದ್ದು."

ಹಿಂದೆ ಟೀಚರ್ ನೆಟ್ಟಗೆ ಕೂತರು. ಆ ಖುಷಿ ನನಗೆ ಬೆನ್ನಿನಲ್ಲೇ ಗೊತ್ತಾಯಿತು.

ಡಾಕ್ಟರ್ ತಲೆಯಾಡಿಸಿ ಕೋಡ್ ಅಳಿಸಿದರು. ಲೈಟು ಆರಿತು. ಆಮೇಲೆ ಅವರು ರಸ್ತೆ ನೋಡುವವರಂತೆ ಮುಂದೆ ನೋಡಿದರು, ಆದರೆ ಗಾಜಿನ ಮೇಲಿನ ಪುಟ್ಟ ಕನ್ನಡಿಯಲ್ಲಿ ಅವರ ಕಣ್ಣು ಓರೆಯಾಗಿ ನನ್ನತ್ತ ಬಂದು, ನನ್ನ ಕಿವಿಯೋಲೆಯ ಮೇಲೆ ಒಂದು ಕ್ಷಣ ನಿಂತು, ಗಾಬರಿಯಾಗಿ ಓಡಿಹೋಯಿತು. ಆ ಕನ್ನಡಿ ಯಾತಕ್ಕಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ. ಆ ಓಲೆಯನ್ನು ಅವತ್ತೇ ಮೊದಲು ಹಾಕಿದ್ದು.

ಓಡಿಸಿ ನೋಡುತ್ತೇನೆಂದು ಒಬ್ಬರೇ ಒಂದು ಸುತ್ತು ಹೋಗಿ ಬಂದರು. ಲೈಟು ಬರಲಿಲ್ಲ. ಎಂದಿನ ಹಾಗೆಯೇ.

"ಸರಿಹೋಗಿರಬೇಕು," ಎಂದು ಕೀ ಕೊಟ್ಟರು. ಅವರ ದನಿಯಲ್ಲಿ ನಂಬಿಕೆ ಇರಲಿಲ್ಲ. ನಾನು ಕೇಳಬಹುದಿತ್ತು, ಕೇಳಲಿಲ್ಲ. ಮತ್ತೆ ಬಂದರೆ ಬರಲಿ ಎಂದು ನನ್ನೊಳಗೆ ಯಾರೋ ಹೇಳುತ್ತಿದ್ದರು.

ಮನೆಗೆ ಬಂದಾಗ ಅಕ್ಕ ಬಟ್ಟೆ ಮಡಚುತ್ತಿದ್ದಳು. ಅಕ್ಕನಿಗೆ ಒಂದು ಲೈಬ್ರರಿಯಲ್ಲಿ ಕೆಲಸ. ಅಲ್ಲಿ ಯಾರು ಪುಸ್ತಕದ ಹಾಳೆ ಹರಿಯುತ್ತಾರೆಂದು ಮುಖ ನೋಡಿಯೇ ಹೇಳುತ್ತಾಳೆ. ಅನುಮಾನ ಅವಳಿಗೆ ಹವ್ಯಾಸವೂ ಹೌದು. ಐದು ಸಲವಾಯಿತು ಎಂದು ನಾನು ನಗುತ್ತಾ ಹೇಳಿದೆ. ಅವಳು ನಗಲಿಲ್ಲ. ನಮ್ಮ ವಾಷಿಂಗ್ ಮಷೀನ್ ರಿಪೇರಿಯವನು ಆರು ಸಲ ಬಂದದ್ದು, ಕೊನೆಗೆ ಬೇಕೆಂದೇ ಒಂದು ತಿರುಪು ಸಡಿಲ ಬಿಟ್ಟು ಹೋಗುತ್ತಿದ್ದದ್ದು ಗೊತ್ತಾದದ್ದು, ಎಲ್ಲವನ್ನೂ ನೆನಪಿಸಿದಳು.

"ಅಷ್ಟು ಹುಷಾರಿನ ಮೆಕ್ಯಾನಿಕ್ ಅಂತೀಯ. ಒಂದು ಲೈಟು ಹೋಗ್ಸೋಕೆ ಆಗಲ್ವಾ? ನೀನು ಬರ್ತಾ ಇರ್ಲಿ ಅಂತ ಬಿಟ್ಟಿರ್ತಾನೆ ಕಣೇ."

ಹಾಗೇನಿಲ್ಲ ಎಂದೆ. ಆದರೆ ತಲೆಯಲ್ಲಿ ಹುಳ ಬಿಟ್ಟದ್ದಾಗಿತ್ತು. ಒಮ್ಮೆ ಬಂದ ಅನುಮಾನವನ್ನು ಬಾಗಿಲಾಚೆ ದಬ್ಬುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಟೀಚರ್ ಕಾರು ಓಡಿಸಿಕೊಂಡು ದೊಡ್ಡ ಸರ್ಕಲ್ಲಿಗೆ ಬಂದರು. ಇಷ್ಟು ದಿನ ಅವರು ಹೆದರಿ ತಪ್ಪಿಸಿಕೊಳ್ಳುತ್ತಿದ್ದ ಜಾಗ ಅದು. ಹಸಿರು ಬಿತ್ತು. ಸರ್ಕಲ್ಲಿನ ನಡುಮಧ್ಯಕ್ಕೆ ಬಂದಾಗ ಒಂದು ಸೈಕಲ್ ಅಡ್ಡ ನುಗ್ಗಿತು. ನನ್ನ ಕಾಲು ತಾನಾಗಿಯೇ ಒತ್ತಿತು, ಮೆಲ್ಲಗೆ. ಸೈಕಲ್ ದಾಟಿತು. "ಚೆನ್ನಾಗಿ ನಿಲ್ಲಿಸಿದ್ರಿ, ಈಗ ಹೋಗಿ," ಎಂದೆ. ಟೀಚರ್ "ಒಂದು" ಎಂದು ಎಣಿಸಿ ಎಕ್ಸಲರೇಟರ್ ಒತ್ತಿದರು.

ಗಾಡಿ ಹೋಗಲಿಲ್ಲ. ಹಳದಿ ಲೈಟು ಹೊತ್ತಿಕೊಂಡಿತು. ಎಂಜಿನ್ ಓಡುತ್ತಿತ್ತು, ಅದರಲ್ಲಿ ಕಸುವೇ ಇರಲಿಲ್ಲ. ಬಲಗಡೆಯಿಂದ ಒಂದು ಲಾರಿ ಹಾರ್ನ್ ಒತ್ತಿಕೊಂಡೇ ಬರುತ್ತಿತ್ತು. ಟೀಚರ್ ಎರಡೂ ಕೈ ಬಿಟ್ಟು ಮುಖ ಮುಚ್ಚಿಕೊಂಡರು. ನಾನು ಬಗ್ಗಿ ಸ್ಟಿಯರಿಂಗ್ ಎಳೆದೆ. ಕಾರು ತೆವಳಿದ ಹಾಗೆ ಸ್ವಲ್ಪ ಮುಂದಕ್ಕೆ ಜರುಗಿತು. ಲಾರಿ ಕಿರುಚುತ್ತಾ ಬಂದು ಟೀಚರ್ ಬಾಗಿಲಿನಿಂದ ಒಂದು ಮೊಳ ದೂರದಲ್ಲಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ರಸ್ತೆ ಬದಿಗೆ ಗಾಡಿ ತಳ್ಳಿಸಿದ ಮೇಲೆ ಟೀಚರ್ ನೀರು ಕುಡಿದರು. ಬಾಟಲಿ ಹಲ್ಲಿಗೆ ಬಡಿದು ಟಕಟಕ ಸದ್ದು ಮಾಡಿತು.

"ತಪ್ಪು ನನ್ನದೇ," ಎಂದರು. "ಈ ವಯಸ್ಸಲ್ಲಿ ನನಗೆ ಇದೆಲ್ಲ ಬೇಕಿರಲಿಲ್ಲ."

ನಿಮ್ಮ ತಪ್ಪಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಆಟೋ ಹತ್ತಿ ಹೋದರು. ನಾಳೆ ಬರುತ್ತೇನೆ ಎನ್ನಲಿಲ್ಲ.

ಗ್ಯಾರೇಜಿಗೆ ಹೇಗೆ ಹೋದೆನೋ ನನಗೇ ಗೊತ್ತಿಲ್ಲ. ಒಳಗೆ ಯಜಮಾನರಿದ್ದರು, ಪೇಂಟರ್ ಇದ್ದರು, ಇಬ್ಬರು ಗಿರಾಕಿಗಳಿದ್ದರು. ಡಾಕ್ಟರ್ ನನ್ನನ್ನು ಕಂಡು ಕೈ ಒರೆಸಿಕೊಳ್ಳತೊಡಗಿದರು. ಅವರ ಮುಖದಲ್ಲಿ, ಎಷ್ಟೇ ಮುಚ್ಚಿಟ್ಟರೂ, ಒಂದು ಖುಷಿಯಿತ್ತು. ಆ ಖುಷಿ ಕಂಡೇ ನನ್ನ ತಲೆ ಕೆಟ್ಟಿತು.

"ಇನ್ನೂ ಎಷ್ಟು ಸಲ ಬರಬೇಕು ನಾನು?" ಎಂದೆ. "ಲೈಟು ಹೋದ್ರೆ ನಾನು ಬರಲ್ಲ ಅಂತ ತಾನೇ ಹೀಗೆ ಮಾಡ್ತಿರೋದು? ಇವತ್ತು ಒಬ್ರು ಲಾರಿ ಕೆಳಗೆ ಹೋಗ್ತಿದ್ರು. ಸುಳ್ಳುಗಾರರು ನೀವು."

ಪೇಂಟರ್ ಕಂಪ್ರೆಸರ್ ಆಫ್ ಮಾಡಿದರು.

ಸುಳ್ಳು ಆಪಾದನೆ ಬಂದರೆ ಮನುಷ್ಯನಿಗೆ ಸಿಟ್ಟು ಬರಬೇಕು. ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಮುಖ ಕೆಂಪಾಯಿತು, ಕಿವಿಯ ತುದಿಯವರೆಗೂ. ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನೆಲ ನೋಡಿದರು. ನನಗೆ ಅಷ್ಟು ಸಾಕಾಯಿತು. ಕೀ ಕಿತ್ತುಕೊಂಡು ಹೊರಟೆ. ತೆವಳುವ ಗಾಡಿಯಲ್ಲೇ ಮನೆ ಸೇರಿದೆ.

ನಾಲ್ಕು ದಿನ ಪಾಠ ನಿಲ್ಲಿಸಿದೆ. ಕಾರು ಮನೆಯ ಮುಂದೆ ನಿಂತೇ ಇತ್ತು. ನೀನು ಹೇಳಿದ್ದು ಸರಿ ಎಂದು ಅಕ್ಕನಿಗೆ ಹೇಳಿದೆ. ಅವಳಿಗೂ ಆ ಗೆಲುವು ರುಚಿಸಿದ ಹಾಗೆ ಕಾಣಲಿಲ್ಲ. ಮಧ್ಯಾಹ್ನ ನಾನು ಊಟ ಬಿಟ್ಟು ಎದ್ದರೆ ತಟ್ಟೆ ನೋಡುತ್ತಿದ್ದಳು.

ನನ್ನ ಸಂಕಟ ಸರಳವಾಗಿತ್ತು. ನನ್ನನ್ನು ನೋಡುವ ಆಸೆಗೆ ಅವರು ಆ ಲೈಟನ್ನು ಬಿಟ್ಟಿದ್ದರೆ, ಟೀಚರ್ ಜೀವವನ್ನು ಪಣಕ್ಕಿಟ್ಟ ಹಾಗೆ. ಅಂಥ ಮನುಷ್ಯನನ್ನು ನಾನು ಪ್ರೀತಿಸುವಂತಿಲ್ಲ. ಪ್ರೀತಿಸುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದೂ ಆ ನಾಲ್ಕು ದಿನದಲ್ಲೇ. ಹುಬ್ಬಿನ ನಡುವಿನ ಆ ಗೆರೆಯನ್ನು ಮರೆಯಲು ಪಾತ್ರೆ ತೊಳೆದೆ, ಕಪಾಟು ಜೋಡಿಸಿದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಐದನೇ ದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ಅಕ್ಕ ಬಾಗಿಲಲ್ಲಿ ಕೈಕಟ್ಟಿ ನಿಂತಳು. ಆಚೆ ಡಾಕ್ಟರ್ ಇದ್ದರು, ಕೆಲಸದ ಬಟ್ಟೆಯಲ್ಲಲ್ಲ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಕೈಯಲ್ಲಿ ಪುಟ್ಟ ಟೂಲ್ ಪೆಟ್ಟಿಗೆ.

"ಒಂದು ಗಂಟೆ ಕೊಡಿ," ಎಂದರು ಅಕ್ಕನ ಭುಜದಾಚೆ ನನ್ನನ್ನು ನೋಡಿ. "ಆಮೇಲೆ ಬೇಕಾದ್ರೆ ನನ್ನ ಮುಖಾನೇ ನೋಡಬೇಡಿ. ನಾನು ಐದು ಸಲ ಈ ಗಾಡಿ ಓಡಿಸಿ ನೋಡಿದೀನಿ. ಐದು ಸಲಾನೂ ಒಬ್ಬನೇ. ಈ ಗಾಡಿಯಲ್ಲಿ ಯಾವತ್ತೂ ಇಬ್ರು ಇರ್ತಾರೆ. ಅದು ನಂಗೆ ಹೊಳೆದಿದ್ದು ನಿನ್ನೆ."

ಅಕ್ಕ ನನ್ನತ್ತ ತಿರುಗಿದಳು. ನಾನು ಕೀ ತೆಗೆದುಕೊಂಡೆ.

ಅವರು ಮೊದಲು ಕೋಡ್ ಅಳಿಸಿ ಗಾಡಿಗೆ ಜೀವ ಬರಿಸಿದರು. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು, ಹೊಸಬ ಎಂದುಕೊಂಡು ಕಲಿಸಿ ಎಂದರು. ನಾನು ನನ್ನ ಸೀಟಿನಲ್ಲಿ ಕೂತೆ. ಇಬ್ಬರ ನಡುವೆ ಗೇರ್ ಹಿಡಿ ಇತ್ತು. ಒಂದು ಊರಷ್ಟು ದೂರ ಅನ್ನಿಸುತ್ತಿತ್ತು.

"ಬೆಲ್ಟ್," ಎಂದೆ. ಹಾಕಿಕೊಂಡರು.

"ಕನ್ನಡಿ ನೋಡಿ." ನೋಡಿದರು.

"ಗೇರ್ ನೋಡಬೇಡಿ, ರಸ್ತೆ ನೋಡಿ."

"ಗೇರ್ ನೋಡ್ಲಿಲ್ಲ," ಎಂದರು.

ಹಾಗಾದರೆ ಏನು ನೋಡಿದಿರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಕೈ ಗೇರಿನ ಪಕ್ಕದಲ್ಲಿತ್ತು. ಅದನ್ನು ಮಡಿಲಿಗೆ ತೆಗೆದುಕೊಂಡೆ. ಪುಟ್ಟ ಕನ್ನಡಿಯಲ್ಲಿ ಅವರ ಕಣ್ಣು ಕೆಂಪಗಿತ್ತು. ನಿದ್ದೆ ಮಾಡಿದ ಕಣ್ಣಲ್ಲ.

ಅಂಗಡಿ ಸಾಲು ದಾಟಿದೆವು, ಶಾಲೆಯ ಗೋಡೆ ದಾಟಿದೆವು. ಅವರು ನಿಜವಾಗಿಯೂ ಹೊಸಬರಂತೆ ಓಡಿಸುತ್ತಿದ್ದರು, ತಿರುವಿನಲ್ಲಿ ತಡವಾಗಿ, ನೇರ ರಸ್ತೆಯಲ್ಲಿ ಅಂಜಿಕೊಂಡು. ಮುಕ್ಕಾಲು ಗಂಟೆಯಾದರೂ ಲೈಟು ಬರಲಿಲ್ಲ. ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಂದರೆ ಇವರು ಸುಳ್ಳುಗಾರರೋ ಅಲ್ಲವೋ ಗೊತ್ತಾಗಿಬಿಡುತ್ತದಲ್ಲ ಎಂದು ಹೆದರುತ್ತಲೂ ಇದ್ದೆ.

ಒಂದು ಸಣ್ಣ ಬೀದಿಯಲ್ಲಿ ಮನೆಯೊಂದರ ಗೇಟಿನಿಂದ ಸ್ಕೂಟರ್ ಹಿಮ್ಮುಖವಾಗಿ ಬಂತು. ಅವರು ತಡಮಾಡಿದರು. ನನ್ನ ಕಾಲು ಒತ್ತಿತು. ಗಾಡಿ ಮೆತ್ತಗೆ ನಿಂತಿತು.

"ನೀವೀಗ ಬ್ರೇಕ್ ಒತ್ತಿದ್ರಿ," ಎಂದರು.

"ಇಲ್ಲ," ಎಂದೆ.

"ಒತ್ತಿದ್ರಿ ಮೇಡಂ. ನನ್ನ ಕಾಲು ನೆಲದ ಮೇಲಿತ್ತು. ಪೆಡಲ್ ತಾನಾಗೇ ಇಳೀತು."

ಅಷ್ಟರಲ್ಲಿ ಅವರು ಎಕ್ಸಲರೇಟರ್ ಒತ್ತಿದರು. ಗಾಡಿ ಮುಂದೆ ಹೋಗಲಿಲ್ಲ. ಹಳದಿ ಲೈಟು ನಮ್ಮಿಬ್ಬರ ಮುಂದೆ ಹೊತ್ತಿಕೊಂಡಿತು.

ಸ್ಕೂಟರಿನವರು ನಮ್ಮನ್ನೊಮ್ಮೆ ನೋಡಿ ಹೋದರು. ಆ 'ಇಲ್ಲ' ಹೇಳುವ ಮುಂಚೆ ನಾನು ಯೋಚಿಸಿಯೇ ಇರಲಿಲ್ಲ. ಇವರಿಗೆ, ಮೆಕ್ಯಾನಿಕ್ಕಿಗೆ, ಹಾಗೆ ಹೇಳುವ ಅಗತ್ಯವೇ ಇರಲಿಲ್ಲ. ನಾಲಿಗೆ ತನ್ನಷ್ಟಕ್ಕೆ ಹೇಳಿತ್ತು.

"ಅವತ್ತು ಇದನ್ನೇ ಕೇಳಿದ್ದೆ," ಎಂದರು ಮೆಲ್ಲಗೆ.

"ಹೌದು."

"ಇಲ್ಲ ಅಂದಿದ್ರಿ."

"ಹೌದು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಾಡಿ ಬದಿಗೆ ಹಾಕಿ, ಇಸ್ತ್ರಿ ಅಂಗಿಯ ಪರಿವೆಯಿಲ್ಲದೆ ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರು. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಒತ್ತಿ ಎಂದು ಕೈಸನ್ನೆ ಮಾಡಿದರು. ಒತ್ತಿದೆ. ಬಿಡಿ ಎಂದು ಸನ್ನೆ ಮಾಡಿದರು. ಬಿಟ್ಟೆ. ಏಳೆಂಟು ಸಲ ಹೀಗಾಯಿತು. ಅವರ ಹುಬ್ಬಿನ ಗೆರೆ ಮಾಯವಾದದ್ದು ಕಂಡಾಗ ಸಿಕ್ಕಿತೆಂದು ಗೊತ್ತಾಯಿತು.

ಹತ್ತಿರ ಬಂದು ನೋಡಲು ಕರೆದರು. ಬಗ್ಗಿದೆ. ನನ್ನ ಕೂದಲು ಅವರ ಕೆನ್ನೆಗೆ ತಾಗಿತು. ಇಬ್ಬರೂ ತಾಗಿಲ್ಲ ಎಂಬಂತೆ ಇದ್ದೆವು. ಎಕ್ಸಲರೇಟರಿನಿಂದ ಹೊರಟ ವೈರುಗಳ ಒಂದು ಕಟ್ಟು ಅಲ್ಲಿತ್ತು. ನಾನು ನನ್ನ ಬ್ರೇಕ್ ಒತ್ತಿದಾಗ ಕೇಬಲ್ ಬಿಗಿಯಾಗಿ ಆ ಕಟ್ಟಿನ ಹಿಂಬದಿಗೆ ಉಜ್ಜುತ್ತಿತ್ತು. ವೈರಿನ ಮೇಲಿನ ಹೊದಿಕೆ ಅಕ್ಕಿಕಾಳಿನಷ್ಟು ಸವೆದು ತಾಮ್ರ ಕಾಣುತ್ತಿತ್ತು, ಕೇಬಲ್ ಅದಕ್ಕೆ ತಾಗಿದಾಗ ಎಕ್ಸಲರೇಟರ್ ಕೆಲಸ ನಿಲ್ಲಿಸುತ್ತಿತ್ತು. ಡ್ರೈವರಿನ ಬ್ರೇಕ್ ಒತ್ತಿದರೆ ಕೇಬಲ್ ಬಿಗಿಯಾಗುವುದಿಲ್ಲ. ಒಬ್ಬರೇ ಓಡಿಸಿದರೆ ವರ್ಷಗಟ್ಟಲೆ ಓಡಿಸಿದರೂ ಈ ಲೈಟು ಬರುವುದಿಲ್ಲ.

"ನಾನು ನಿಮ್ಮ ಬ್ರೇಕನ್ನೂ ಒತ್ತಿ ನೋಡಿದ್ದೆ," ಎಂದರು. "ಎಂಜಿನ್ ಆಫ್ ಇದ್ದಾಗ. ಅದು ನನ್ನ ತಪ್ಪು. ಗೊತ್ತಾಗ್ತಿಲ್ಲ ಅಂತ ನಿಮಗೆ ಮೊದಲನೇ ಸಲಾನೇ ಹೇಳಬೇಕಿತ್ತು. ಡಾಕ್ಟರ್ ಅಂತ ಕರೆಸ್ಕೊಂಡು ಗೊತ್ತಾಗ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು."

ಸವೆದ ಜಾಗಕ್ಕೆ ಟೇಪ್ ಸುತ್ತಿದರು. ಕೇಬಲನ್ನು ದೂರಕ್ಕೆ ಸರಿಸಿ ಕ್ಲಿಪ್ ಹಾಕಿದರು. ಕೋಡ್ ಅಳಿಸಿ, ನನ್ನಿಂದ ಮತ್ತೆ ಮತ್ತೆ ಬ್ರೇಕ್ ಒತ್ತಿಸಿದರು. ಲೈಟು ಬರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು, ನನ್ನತ್ತ ನೋಡದೆ, ಸ್ಟಿಯರಿಂಗ್ ನೋಡುತ್ತಾ.

"ಅವತ್ತು ನೀವು ಹೇಳಿದ್ರಲ್ಲಿ ಒಂದು ಮಾತು ನಿಜ. ಲೈಟ್ ಬಂತು ಅಂತ ನೀವು ಗೇಟ್ ಒಳಗೆ ಬಂದಾಗಲೆಲ್ಲ ನಂಗೆ ಖುಷಿ ಆಗ್ತಿತ್ತು. ಅದಕ್ಕೇ ಅವತ್ತು ತಲೆ ಎತ್ತೋಕೆ ಆಗ್ಲಿಲ್ಲ. ಆದ್ರೆ ಬೇಕು ಅಂತ ಏನೂ ಮಾಡಿಲ್ಲ. ಬ್ರೇಕು, ಸ್ಟಿಯರಿಂಗು, ಇವುಗಳ ಜೊತೆ ನಾನು ಯಾವತ್ತೂ ಆಟ ಆಡಿಲ್ಲ. ಎಲ್ಲರ ಮುಂದೆ ನೀವು ಸುಳ್ಳುಗಾರ ಅಂದಿದ್ದಕ್ಕಿಂತ, ನಾನು ಅಂಥವನು ಅಂತ ನೀವು ನಂಬಿಬಿಟ್ರಲ್ಲ, ಅದು ಜಾಸ್ತಿ ನೋವಾಯ್ತು."

ಕೀಯನ್ನು ಸೀಟಿನ ಮೇಲಿಟ್ಟು ಇಳಿದರು. ಅಂಗಿಯ ಬೆನ್ನೆಲ್ಲ ಧೂಳಾಗಿತ್ತು. ಕ್ಷಮಿಸಿ ಎಂಬ ಮೂರಕ್ಷರ ಹೊರಬರುವ ಹೊತ್ತಿಗೆ ಬೀದಿಯ ಕೊನೆಯಲ್ಲಿ ಬಸ್ಸು ಬಂದು ಅವರು ಹತ್ತಿಯಾಗಿತ್ತು.

ಹದಿಮೂರು ದಿನ ಲೈಟು ಬರಲಿಲ್ಲ.

ಕಾರು ಹತ್ತುವಾಗಲೆಲ್ಲ ಮೊದಲು ಅದನ್ನೇ ನೋಡುತ್ತಿದ್ದೆ. ಆ ಜಾಗ ಕತ್ತಲಾಗಿಯೇ ಇರುತ್ತಿತ್ತು. ಇಷ್ಟು ಚೆನ್ನಾಗಿ ಓಡುವ ಗಾಡಿಯನ್ನು ಇಷ್ಟು ಬೇಸರದಿಂದ ಯಾರೂ ಓಡಿಸಿರಲಿಕ್ಕಿಲ್ಲ. ಅವರು ಫೋನ್ ಮಾಡಲಿಲ್ಲ. ಅವರು ಯಾಕೆ ಮಾಡಬೇಕು? ನಾನು ಮೂರು ಸಲ ನಂಬರ್ ತೆಗೆದು, ಮೂರು ಸಲವೂ ಫೋನ್ ಕೆಳಗಿಟ್ಟೆ. ಎಲ್ಲರೆದುರು ಆಡಿದ ಮಾತನ್ನು ಫೋನಿನಲ್ಲಿ ಗುಟ್ಟಾಗಿ ವಾಪಸ್ ತೆಗೆದುಕೊಳ್ಳುವುದು ನನಗೇ ಸರಿ ಕಾಣಲಿಲ್ಲ.

ಮೊದಲು ಲೆಕ್ಕದ ಟೀಚರ್ ಮನೆಗೆ ಹೋದೆ. ಸೋಫಾದಲ್ಲಿ ಕೂತು ಎಲ್ಲ ಹೇಳಿದೆ. ವೈರಿನ ಕಥೆ, ಲಾರಿಯ ದಿನ ತಪ್ಪು ಅವರದಲ್ಲವೆಂಬುದು, ಅದಕ್ಕಿಂತ ಮುಖ್ಯವಾಗಿ ಅವರು ನಿಲ್ಲಿಸಿದ್ದೆಂದು ನಾನು ಹೊಗಳಿದ ಎಷ್ಟೋ ಸಲ ನಿಲ್ಲಿಸಿದ್ದು ನಾನು ಎಂಬುದು. ಅವರು ಕನ್ನಡಕ ತೆಗೆದು ಒರೆಸಿದರು. ಸಿಟ್ಟಾಗುತ್ತಾರೆಂದುಕೊಂಡೆ.

"ನಂಗೆ ಗೊತ್ತಿತ್ತು, ಆದ್ರೂ ಹೊಗಳಿಸ್ಕೊಳ್ಳೋಕೆ ಖುಷಿಯಾಗ್ತಿತ್ತು," ಎಂದರು. "ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳ್ಕೊಟ್ಟಿದೀನಿ. ಅವರ ಉತ್ತರಾನ ನಾನೇ ಬರೆದು ಶಭಾಷ್ ಅಂದಿದೀನಿ. ಆದ್ರೆ ಅದೇ ಮಕ್ಕಳು ಪರೀಕ್ಷೇಲಿ ಕೂತಾಗ ನಾನಿರ್ತಿರಲಿಲ್ಲ. ಇನ್ಮೇಲೆ ನೀವು ಒತ್ತಿದ್ರೆ ಹೇಳಿ. ನಾನು ನಾಳೆಯಿಂದ ಬರ್ತೀನಿ."

ಬಾಗಿಲವರೆಗೆ ಬಂದು, ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನನ್ನು ಕೇಳಿದರು. "ಆ ಮೆಕ್ಯಾನಿಕ್ಕಿಗೆ ಹೇಳಿದ್ರಾ?"

ಇನ್ನೂ ಇಲ್ಲ ಎಂದೆ. ಲೆಕ್ಕ ತಪ್ಪು ಮಾಡಿದ ಹುಡುಗಿಯನ್ನು ನೋಡುವ ಹಾಗೆ ನೋಡಿದರು, ಅಷ್ಟೇ.

ಮರುದಿನ ಮಧ್ಯಾಹ್ನ ಮೂರೂವರೆಗೆ ಬಸ್ಸಿನಲ್ಲಿ ಗ್ಯಾರೇಜಿಗೆ ಹೋದೆ. ಕಾರು ಬೇಕೆಂದೇ ಬಿಟ್ಟು ಬಂದಿದ್ದೆ. ಡಾಕ್ಟರ್ ಒಂದು ಕಾರಿನ ಬಾನೆಟ್ಟಿನೊಳಗೆ ಬಗ್ಗಿದ್ದರು. ಎಂಜಿನ್ ಸದ್ದಿಲ್ಲದೆ ಬಂದದ್ದರಿಂದ ಅವರಿಗೆ ಗೊತ್ತಾಗಲಿಲ್ಲ. ಮೊದಲು ನೋಡಿದ್ದು ಯಜಮಾನರು. ಗಾಡಿ ಎಲ್ಲಿ ಮೇಡಂ, ಏನು ಕಂಪ್ಲೇಂಟ್ ಎಂದರು. ಡಾಕ್ಟರ್ ತಲೆಯೆತ್ತಿದರು.

"ಗಾಡಿ ಚೆನ್ನಾಗಿದೆ," ಎಂದೆ. ಪೇಂಟರ್ ನನ್ನನ್ನು ನೋಡಿ, ಅವತ್ತಿನ ಹಾಗೆಯೇ, ಕಂಪ್ರೆಸರ್ ಆಫ್ ಮಾಡಿದರು. ಈಗ ನನ್ನ ಮಾತು ಎಲ್ಲರಿಗೂ ಕೇಳುವಂತಾಯಿತು. ಅವರ ಮೇಲೆ ಸಿಟ್ಟೂ ಬಂತು, ಆದರೆ ಅದೇ ಬೇಕಿತ್ತು.

"ಅವತ್ತು ಇಲ್ಲೇ ನಿಂತು ಇವರನ್ನ ಸುಳ್ಳುಗಾರ ಅಂದಿದ್ದೆ. ಸುಳ್ಳು ಹೇಳಿದ್ದು ನಾನು. ಬ್ರೇಕ್ ಒತ್ತಿದ್ರಾ ಅಂತ ಇವರು ಕೇಳಿದ್ರು, ಒತ್ತಿದ್ದೆ, ಇಲ್ಲ ಅಂದೆ. ನಿಜ ಹೇಳಿದ್ರೆ ಅವತ್ತೇ ಸರಿಹೋಗ್ತಿತ್ತು. ಆ ಲಾರಿ ನನ್ನಿಂದ ಬಂದಿದ್ದು, ಇವರಿಂದಲ್ಲ."

ಯಜಮಾನರು ಕೆಮ್ಮಿದರು. ಡಾಕ್ಟರ್ ಕೈ ಒರೆಸಿಕೊಳ್ಳುವುದನ್ನೇ ಮರೆತು ನಿಂತಿದ್ದರು. ಈಗ ನಾನು ಅವರನ್ನೇ ನೋಡಿ ಮಾತಾಡಿದೆ. ಉಳಿದವರು ಕೇಳಿದರೆ ಕೇಳಲಿ.

"ಇನ್ನೊಂದಿದೆ. ಲೈಟು ಬಂದಾಗ ಖುಷಿ ಆಗ್ತಿತ್ತು ಅಂದ್ರಲ್ಲ. ನನಗೂ ಆಗ್ತಿತ್ತು. ಮನೆ ಹತ್ರಾನೇ ಎರಡು ಗ್ಯಾರೇಜಿದೆ. ಅದನ್ನ ದಾಟ್ಕೊಂಡು ಇಲ್ಲಿಗೆ ಬರ್ತಿದ್ದೆ. ನಾಲ್ಕು ದಿನ ನಿಮ್ಮನ್ನ ದ್ವೇಷ ಮಾಡೋಕೆ ನೋಡಿದೆ, ಆಗ್ಲಿಲ್ಲ. ನೀವು ನನ್ನನ್ನ ದ್ವೇಷ ಮಾಡಿದ್ರೆ ನಾನು ಬೇಡ ಅನ್ನೋ ಹಾಗಿಲ್ಲ. ಆದ್ರೆ ನಾನು ನಿಮ್ಮನ್ನ ಪ್ರೀತಿಸ್ತೀನಿ. ಅದನ್ನ ಹೇಳೋಕೆ ಬಂದೆ."

ಅವರು ಬಾನೆಟ್ಟಿನ ಅಂಚನ್ನು ಹಿಡಿದುಕೊಂಡಿದ್ದರು. ನನಗೆ ವಾಪಸ್ ಹೋಗುವ ಬಸ್ಸಿನ ನಂಬರ್ ಕೂಡ ಮನಸ್ಸಿಗೆ ಬಂದುಹೋಯಿತು.

"ನಂಗಿನ್ನೂ ನೋವಿದೆ," ಎಂದರು ಕೊನೆಗೆ.

"ಇರ್ಲಿ. ಅದು ಹೋಗೋವರೆಗೂ ಬರ್ತೀನಿ."

"ಲೈಟ್ ಇನ್ಮೇಲೆ ಬರಲ್ಲ. ಏನು ನೆಪ ಹೇಳ್ಕೊಂಡು ಬರ್ತೀರ?"

"ನೆಪ ಇಲ್ಲ. ನಿಮ್ಮನ್ನ ನೋಡೋಕೆ ಬಂದೆ ಅಂತ ಇವರಿಗೆಲ್ಲ ಹೇಳ್ಕೊಂಡೇ ಬರ್ತೀನಿ."

ಅವರ ಮುಖ ಮತ್ತೆ ಕೆಂಪಾಯಿತು, ಕಿವಿಯ ತುದಿಯವರೆಗೂ. ಈ ಸ್ಪಾರ್ಕ್ ಪ್ಲಗ್ ಕೆಲಸ ಐದಕ್ಕೆ ಮುಗಿಯುತ್ತದೆ, ಕಾಯುತ್ತೀರಾ ಎಂದು ಕೇಳಿದರು. ಕಾಯುತ್ತೇನೆ ಎಂದು ಟೈರುಗಳ ಪಕ್ಕದ ಬೆಂಚಿನ ಮೇಲೆ ಕೂತೆ. ಎಂಥ ಕತ್ತಲಲ್ಲೂ ನಟ್ಟು ಬಿಚ್ಚುವ ಅವರ ಕೈಯಿಂದ ಸ್ಪ್ಯಾನರ್ ಎರಡು ಸಲ ಜಾರಿ ಬಿತ್ತು. ಮೂರನೇ ಸಲ ಬಿದ್ದಾಗ ಯಜಮಾನರು ಎದ್ದು ಬಂದು, ಗಿರಾಕಿಯ ಎಂಜಿನ್ ಉಳಿಯಬೇಕಾದರೆ ಈಗಲೇ ಹೋಗಿ ಡಾಕ್ಟರೇ ಎಂದು ಸ್ಪ್ಯಾನರ್ ಕಸಿದುಕೊಂಡರು.

ಇಬ್ಬರೂ ರಸ್ತೆಗೆ ಬಂದೆವು. ಇಬ್ಬರ ಬಳಿಯೂ ಗಾಡಿ ಇರಲಿಲ್ಲ. ರಸ್ತೆ ದಾಟುವ ಕಡೆ ಅವರ ಕೈ ನನ್ನತ್ತ ಬಂದು, ಅರ್ಧಕ್ಕೆ ನಿಂತು, ಹಿಂದೆ ಹೋಯಿತು. ಕೈಯೆಲ್ಲ ಎಣ್ಣೆ ಎಂದರು. ಪರವಾಗಿಲ್ಲ ಎಂದು ನಾನೇ ಹಿಡಿದುಕೊಂಡೆ. ಬಸ್ ಸ್ಟಾಪಿನವರೆಗೆ ಬಿಡಲಿಲ್ಲ. ನಾಲ್ಕು ಬಸ್ಸು ಬಂದು ಹೋದವು, ಆಗಲೂ ಬಿಡಲಿಲ್ಲ. ಆ ಹೊತ್ತಿನಲ್ಲಿ ಏನು ಮಾತಾಡಿದೆವೆಂದು ಕೇಳಿದರೆ ಹೇಳುವಂಥದ್ದೇನಿಲ್ಲ. ಅವರಿಗೆ ಎರಡು ಚಮಚ ಸಕ್ಕರೆ ಬೇಕು, ನನಗೆ ಸಕ್ಕರೆಯೇ ಬೇಡ, ಇಂಥವೇ.

ಮನೆಗೆ ಬಂದಾಗ ಅಕ್ಕ ಅಡುಗೆಮನೆಯ ಬಾಗಿಲಲ್ಲಿದ್ದಳು. ಅವಳ ಕಣ್ಣು ನೇರ ನನ್ನ ಬಲಗೈ ಮೇಲೆ ಬಿತ್ತು. ಅಂಗೈ ಪೂರ್ತಿ ಕಪ್ಪು.

"ಗಾಡಿ ಮತ್ತೆ ಕೆಟ್ಟಿತಾ?" ಎಂದಳು.

ಹೌದು ಎಂಬ ಮಾತು ಬಾಯಿಗೆ ಬಂದಿತ್ತು, ಅಷ್ಟು ಸಲೀಸಾದ ಸುಳ್ಳು.

"ಇಲ್ಲ ಅಕ್ಕ. ಅವರ ಕೈ ಹಿಡ್ಕೊಂಡಿದ್ದೆ."

ಅಕ್ಕ ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ನಲ್ಲಿಯ ಪಕ್ಕದ ಸೋಪನ್ನು ಎತ್ತಿ ನನ್ನ ಎಡಗೈಯಲ್ಲಿಟ್ಟು, ಭಾನುವಾರ ಅವರನ್ನು ಊಟಕ್ಕೆ ಕರೆದುಕೊಂಡು ಬಾ ಎಂದಳು.